ಸಕ್ಕರಿ ಆರತಿ ಗಟ್ಟಿ ಆಗೋತನಕ

ಸ್ವಲ್ಪ ಇತ್ತ ಸರೀರಿ. ಬಾಗಿಲು ಮುಂದಕ್ಕೆ ಮಾಡಿರಿ. ದನಿ ಸಣ್ಣದು ಮಾಡಿಯೇ ಹೇಳುತ್ತೇನೆ, ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ನಾನು ಹೇಳಿದೆ ಅಂತ ಯಾರ ಮುಂದೆಯೂ ಬಾಯಿ ಬಿಡಬೇಡಿರಿ. ಹಾಲಿನವನಿಗೆ ಹೇಳಿದ್ದೇನೆ, ಹೂವಿನಾಕೆಗೆ ಹೇಳಿದ್ದೇನೆ, ಸಂಜೆ ಗುಡಿಯ ಕಟ್ಟೆಗೆ ಬರುವ ಹೆಣ್ಣುಮಕ್ಕಳಿಗೆ ಹೇಳಿದ್ದೇನೆ. ಅಷ್ಟೇ. ಅವರಿಂದಲೂ ಆಣೆ ಮಾಡಿಸಿಕೊಂಡೇ ಹೇಳಿದ್ದು.

ನಮ್ಮ ಹಾವೇರಿಯ ಓಣಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಕರಗಬೇಕಾದದ್ದು ಕರಗುವುದಿಲ್ಲ, ಗಟ್ಟಿಯಾಗಬಾರದ್ದು ಗಟ್ಟಿಯಾಗಿ ಕೂರುತ್ತದೆ. ನಾನು ಕಲಿತದ್ದು ಎರಡನೆಯ ಇಯತ್ತೆ, ಅದೂ ಅರ್ಧ. ಆದರೆ ಒಲೆಯ ಮುಂದೆ ಕೂತು ಕೂತು ತಲೆ ಬೆಳ್ಳಗಾಗಿದೆ, ಯಾವ ಪದಾರ್ಥಕ್ಕೆ ಎಂಥ ನೀರು ಆಗಿಬರುತ್ತದೆ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸಕ್ಕರೆಗೆ ಬಿಸಿನೀರು ಬೇಕು. ನೀರು ಕುದಿಯುತ್ತಿದ್ದರೆ ಹಾಕಿದಷ್ಟೂ ನುಂಗುತ್ತದೆ, ಆರಿತೆಂದರೆ ನುಂಗಿದ್ದನ್ನು ವಾಪಸ್ ಉಗುಳುತ್ತದೆ. ಉಪ್ಪಿಗೆ ಬಿಸಿಯಾದರೂ ಅಷ್ಟೇ, ತಂಪಾದರೂ ಅಷ್ಟೇ. ನಮ್ಮ ಬೋರಿನ ನೀರಿನಲ್ಲಿರುವ ಸುಣ್ಣಕ್ಕೋ, ಬಿಸಿ ಕಂಡರೆ ಆಗುವುದಿಲ್ಲ. ಇಷ್ಟು ತಿಳಿದವರು ಒಂದು ಮದುವೆ ಮಾಡಿ ಮುಗಿಸಬಹುದು. ತಿಳಿಯದಿದ್ದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಎದುರುಮನೆಯಾಕೆಯನ್ನು ಕೇಳಬೇಕು.

ಎದುರುಮನೆಯವರದು ಬೀಜ-ಗೊಬ್ಬರದ ಅಂಗಡಿ, ಅಗಡಿ ಊರಿನ ಕಡೆ ಹೊಲ. ಒಬ್ಬನೇ ಮಗ. ಮೂವತ್ತಾರು ತುಂಬಿದರೂ ಹೆಣ್ಣು ಸಿಕ್ಕಿರಲಿಲ್ಲ. ಕುಪ್ಪೇಲೂರಿಗೆ ಹೋದರು, ಮೇಡ್ಲೇರಿಗೆ ಹೋದರು, ಎಲ್ಲ ಕಡೆ ಉಪ್ಪಿಟ್ಟು ತಿಂದು, ಕೈ ತೊಳೆದು, "ತಿಳಸ್ತೇವಿ" ಅನ್ನಿಸಿಕೊಂಡು ಬಂದರು. ಕಡೆಗೆ ಬ್ಯಾಡಗಿಯಿಂದ ಒಂದು ಸಂಬಂಧ ಬಂತು. ಮೆಣಸಿನಕಾಯಿ ವ್ಯಾಪಾರದ ಮನೆತನ, ಹುಡುಗಿ ಓದಿದಾಕೆ. ಇದೂ ತಪ್ಪಿದರೆ ಮಗ ಹಾಗೇ ಉಳಿದುಬಿಡುತ್ತಾನೆ ಎಂದು ಎದುರುಮನೆಯಾಕೆ ನನ್ನ ಕಟ್ಟೆಯ ಮೇಲೆ ಕೂತು ಸೆರಗು ಒದ್ದೆಯಾಗುವಷ್ಟು ಅತ್ತಳು. "ನಾ ಅತ್ತದ್ದು ಯಾರಿಗೂ ಹೇಳಬ್ಯಾಡ್ರಿ ದೊಡ್ಡವ್ವಾ" ಅಂದಳು. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ, ಯಾರಿಗೂ ಹೇಳಬೇಡಿರಿ.

ಗ್ಲಾಸಿನ ತಳ

ಹೆಣ್ಣು ನೋಡಲು ಬ್ಯಾಡಗಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಹಿರಿಯರೊಬ್ಬರು ಇರಲಿ ಅಂತ ಬಾಯಿಂದ ಅಂದರು. ನನ್ನನ್ನು ಓಣಿಯಲ್ಲಿ ಬಿಟ್ಟು ಹೋಗಲು ಅಂಜಿಕೆ ಅನ್ನುವುದು ಖರೇ ಮಾತು.

ಬೇಸಿಗೆ. ಊರೆಲ್ಲ ಮೆಣಸಿನಕಾಯಿ ಘಾಟು. ನಾವು ಒಬ್ಬರ ಹಿಂದೆ ಒಬ್ಬರು ಸೀನುತ್ತಲೇ ಅವರ ಮನೆ ಹೊಕ್ಕೆವು. ಹುಡುಗಿ ಲಿಂಬೆಹಣ್ಣಿನ ಪಾನಕ ತಂದಳು. ಓದಿದ ಹುಡುಗಿ, ಗಾಬರಿಯಲ್ಲಿ ಐಸು ಹಾಕಿದ ನೀರಿಗೇ ಸಕ್ಕರೆ ಸುರಿದು, ಎರಡು ಸುತ್ತು ತಿರುವಿ ತಂದಿದ್ದಳು. ನಾನು ಒಂದು ಗುಟುಕು ಕುಡಿದೆ, ಹಲ್ಲು ಜುಮ್ಮೆಂದವು. ಎದುರುಮನೆಯ ಯಜಮಾನರು ಕುಡಿದು ಒಂದು ಕಣ್ಣು ಮುಚ್ಚಿದರು. ಎದುರುಮನೆಯಾಕೆ ನನ್ನ ಕಿವಿಗೆ ಬಾಯಿ ತಂದಳು.

"ದೊಡ್ಡವ್ವಾ, ಸಕ್ಕರಿನ ಹಾಕಿಲ್ಲರಿ ಇವ್ರು! ಹಿಂಗ ಕೈ ಬಿಗಿ ಹಿಡಿಯೋ ಮಂದಿ ಜೋಡಿ ಹೆಂಗ ಬೀಗಸ್ತಾನ ಮಾಡೋದು?"

"ಹಾಕ್ಯಾರವಾ. ತಳದಾಗ ಕುಂತೈತಿ ನೋಡು, ಇಷ್ಟು ದಪ್ಪ. ಐಸ್‌ ನೀರಾಗ ಅದು ಹೆಂಗ ಕರಗಬೇಕು?"

ಎಲ್ಲರೂ ಅರ್ಧ ಕುಡಿದು ಗ್ಲಾಸು ಕೆಳಗಿಟ್ಟು ಮೋರೆ ಗಂಟು ಹಾಕಿಕೊಂಡು ಕೂತೆವು. ಅತ್ತ ಹುಡುಗಿಯ ಅಪ್ಪನ ಮೋರೆಯೂ ಬಾಡಿತು. ಇದೂ ಮುರಿಯಿತು ಅಂತ ನಾನು ಚಪ್ಪಲಿ ಎಲ್ಲಿಟ್ಟೆ ಎಂದು ನೋಡಿಕೊಂಡೆ. ಹುಡುಗ ಮಾತ್ರ ನಾಚಿಕೆಗೆ ಕತ್ತೇ ಎತ್ತದೆ ಗಟಗಟ ಕುಡಿಯುತ್ತಿದ್ದ. ಹುಳಿಯೆಲ್ಲ ಮುಗಿದು ಕಡೆಯ ಗುಟುಕಿಗೆ ತಳದ ಸಕ್ಕರೆ ಅಷ್ಟೂ ಒಮ್ಮೆಲೇ ಬಾಯಿಗೆ ಬಂತು ನೋಡಿರಿ, ಅವನ ಮೋರೆ ಅರಳಿತು! ಕಿವಿಯತನಕ ನಗು.

"ನೋಡ್ರಿ, ನೋಡ್ರಿ, ಹೆಂಗ ನಗಾಕತ್ತಾನ! ಹುಡುಗಗ ನಮ್ಮ ಹುಡುಗಿ ಪಸಂದ ಆದ್ಲು!" ಎಂದು ಹುಡುಗಿಯ ಸೋದರತ್ತೆ ಕೂಗಿದಳು. ಹುಡುಗಿಯ ಅಪ್ಪನ ಅಕ್ಕ ಈಕೆ, ಆ ಮನೆಯಲ್ಲಿ ಈಕೆಯ ಮಾತೇ ಮಾತು. ತಾನು ಮಾಡಿದ ಪಾನಕ ಕುಡಿದು ಒಬ್ಬನಾದರೂ ನಕ್ಕನಲ್ಲ ಎಂದು ಹುಡುಗಿಯೂ ನಕ್ಕಳು. ಅಲ್ಲೇ ಮಾತು ಕೂಡಿತು.

ವಾಪಸ್ ಬರುವಾಗ ಕಾರಿನಲ್ಲಿ ತಾಯಿ ಮಗನ ಗಲ್ಲ ಹಿಂಡಿದಳು. "ಅಷ್ಟು ಮನಸಿಗೆ ಬಂದ್ಲೇನೋ ಹುಡುಗಿ?"

"ಹುಡುಗಿ ಅಲ್ಲೇ ಇದ್ಲೇನಬೇ? ನಾ ಗ್ಲಾಸ್‌ ನೋಡಾಕತ್ತಿದ್ದೆ."

ಕಲಿತ ಪಾಠ

ಮುಂದೆ ಬ್ಯಾಡಗಿಯವರು ನಮ್ಮ ಓಣಿಗೆ ಮನೆ ನೋಡಲು ಬಂದರು. ಎದುರುಮನೆಯಾಕೆಗೆ ಪಾನಕದ ಪಾಠ ತಲೆಯಲ್ಲಿ ಕೂತಿತ್ತು. ಏನೇ ಇರಲಿ, ಮೊದಲು ಬಿಸಿನೀರಲ್ಲಿ ಕರಗಿಸಿಯೇ ಹಾಕಬೇಕು ಅಂತ. ಮಸಾಲೆ ಮಜ್ಜಿಗೆ ಮಾಡಿದಳು. ಶುಂಠಿ, ಕೊತ್ತಂಬರಿ, ಎಲ್ಲ ಚೆಂದ. ಉಪ್ಪನ್ನು ಮಾತ್ರ ಕುದಿಯುವ ನೀರಿನಲ್ಲಿ ಕರಗಿಸಿ, ದೊಡ್ಡ ತಂಬಿಗೆಯಷ್ಟನ್ನು ಆ ಬಿಸಿಯಲ್ಲೇ ಮಜ್ಜಿಗೆಗೆ ಬಗ್ಗಿಸಿದಳು. ಉಪ್ಪು ತಣ್ಣೀರಿನಲ್ಲೂ ಅಷ್ಟೇ ಕರಗುತ್ತದೆ ತಾಯಿ, ಅದಕ್ಕೆ ಬಿಸಿಯ ಹಂಗಿಲ್ಲ ಎಂದು ನಾನು ಹೇಳಬಹುದಿತ್ತು. ಆಕೆ ಕೇಳಲಿಲ್ಲ. ಕೇಳದೆ ಇನ್ನೊಬ್ಬರ ಮನೆಯ ಮಾತಿನಲ್ಲಿ ಬಾಯಿ ಹಾಕುವುದು ನನ್ನ ಸ್ವಭಾವದಲ್ಲೇ ಇಲ್ಲ.

ಮಜ್ಜಿಗೆ ಒಡೆಯಿತು. ಮೇಲೆ ತಿಳಿನೀರು, ಕೆಳಗೆ ಗಡ್ಡೆ ಗಡ್ಡೆ. ಬಂದವರ ಮುಂದೆ ಇನ್ನೇನು ಮಾಡುವುದು, ಅದನ್ನೇ ಕೊಟ್ಟಳು. ಹುಡುಗಿಯ ಅಪ್ಪ ಮರ್ಯಾದಸ್ಥ. ಗ್ಲಾಸಿನೊಳಗೆ ಬೆರಳು ಇಳಿಸಿ ಒಂದು ಗಡ್ಡೆ ಎತ್ತಿ ಬಾಯಿಗೆ ಹಾಕಿಕೊಂಡು, ಜಗಿದು, ಕೇಳಿದರು:

"ಚಲೋ ಐತ್ರಿ. ಮಜ್ಜಿಗಿ ಇದಾದ ಮ್ಯಾಲೆ ಬರ್ತೈತೇನ್ರಿ?"

ಮದ್ದು

ಅದೇ ದಿನದ ಮಾತು. ಬ್ಯಾಡಗಿಯ ಸೋದರತ್ತೆಗೆ ಕೆಮ್ಮು, ಬಿಸಿನೀರಲ್ಲದೆ ಕುಡಿಯುವುದಿಲ್ಲ. ಎದುರುಮನೆಯಾಕೆ ಬೋರಿನ ನೀರನ್ನು ಕುದಿಸಿ ಸ್ಟೀಲ್ ಗ್ಲಾಸಿನಲ್ಲಿ ಕೊಟ್ಟಳು. ಸೋದರತ್ತೆ ಎರಡು ಗುಟುಕು ಕುಡಿದು, ಮಾತಿಗೆ ಕೂತು, ಮತ್ತೆ ಗ್ಲಾಸು ಎತ್ತಿದರೆ ತಳದಲ್ಲಿ ಬೆಳ್ಳನೆಯ ಪುಡಿ! ಬಾಕಿ ಎಲ್ಲರ ತಣ್ಣೀರಿನ ಗ್ಲಾಸು ಇಣುಕಿ ನೋಡಿದಳು. ಕನ್ನಡಿಯಂತಿದ್ದವು. ತನ್ನೊಬ್ಬಳ ಗ್ಲಾಸಿನಲ್ಲೇ ಪುಡಿ.

ಆಕೆಯ ಮೋರೆ ನೋಡುವಂತಿತ್ತು. ನಮ್ಮ ಕಡೆ ಮದ್ದು ಹಾಕುವುದು ಅಂದರೆ ಗೊತ್ತಲ್ಲ, ಉಣ್ಣುವ ಕುಡಿಯುವ ಪದಾರ್ಥದಲ್ಲಿ ಏನೋ ಬೆರೆಸಿ ಮನುಷ್ಯನನ್ನು ಹೇಳಿದಂತೆ ಕೇಳಿಸುವುದು. ಸೋದರತ್ತೆ ಮೆಲ್ಲಗೆ ಸರಿದು ನನ್ನ ಮಗ್ಗುಲಿಗೆ ಬಂದು ಕೂತಳು.

"ಅಕ್ಕಾರ, ನೀವು ಹಿರೇರು, ಸುಳ್ಳು ಹೇಳಂಗಿಲ್ಲ. ಇವ್ರು ಮದ್ದು-ಗಿದ್ದು ಹಾಕೋ ಮಂದಿ ಏನ್ರಿ?"

"ನಾ ಯಾರ ಬಗ್ಗೆನೂ ಕೆಟ್ಟ ಮಾತಾಡಾಕಿ ಅಲ್ರಿ ಯವ್ವಾ," ಅಂದೆ. "ಖರೇ ಹೇಳಬೇಕಂದ್ರ, ಈ ಮನೀ ಗಂಡಸು ಲಗ್ನ ಆದಾಗಿಂದ ಹೆಂಡ್ತಿ ಮಾತು ಒಂದ ದಿನಾನೂ ಮೀರಿಲ್ಲ. ಯಾಕಂತ ನೀವ ಲೆಕ್ಕಾ ಹಾಕೊರ್ರಿ."

ಆಕೆ ಲೆಕ್ಕ ಹಾಕಿದಳು. ಗ್ಲಾಸು ಟಪ್ಪನೆ ಕೆಳಗಿಟ್ಟಳು. "ಎಲ್ಲಾರೂ ಏಳ್ರಿ, ಮನೀಗೆ ನಡೀರಿ!"

ಎದುರುಮನೆಯಾಕೆ ಅಡುಗೆಮನೆಯಿಂದ ಓಡಿ ಬಂದಳು. ಸಂಗತಿ ತಿಳಿದದ್ದೇ ತಡ, ಗ್ಯಾಸಿನ ಒಲೆಯನ್ನೇ ನಡುಮನೆಗೆ ಎಳೆದು ತಂದು, ಎಲ್ಲರ ಕಣ್ಣ ಮುಂದೆ ಪಾತ್ರೆಗೆ ತಣ್ಣೀರು ಸುರಿದಳು. ನೀರು ತಿಳಿಯಾಗಿತ್ತು. ಕುದಿ ಬಂತು. ಬರಬರುತ್ತಾ ಬಿಳಿಯ ಚೂರುಗಳು ಏಳತೊಡಗಿದವು. "ನೋಡ್ರಿ ಅಕ್ಕಾರ, ಬೋರಿನ ನೀರಾಗಿನ ಸುಣ್ಣ ಇದು! ತಣ್ಣಗಿದ್ದಾಗ ನೀರಾಗ ಕೂಡಿರ್ತೈತಿ, ಕಾಸಿದ್ರ ಹೊರಗ ಬೀಳ್ತೈತಿ. ನಿಮ್ಮಾಣಿ, ನಾ ಏನೂ ಹಾಕಿಲ್ಲರಿ!" ಎಂದು ದಿನಾ ನೀರು ಕಾಸುವ ಪಾತ್ರೆಯನ್ನೂ ತಂದು ಬೋರಲು ಹಾಕಿ ತೋರಿಸಿದಳು. ಒಳಗೆ ರೊಟ್ಟಿಯಷ್ಟು ದಪ್ಪ ಸುಣ್ಣ ಕಟ್ಟಿತ್ತು.

ಸೋದರತ್ತೆ ಆ ಪಾತ್ರೆಯನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಯಜಮಾನರ ಕಡೆ ತಿರುಗಿ ಕೇಳಿದಳು: "ಅಂದ್ರ ಇಷ್ಟೂ ವರ್ಷ ನಿಮಗ ಈಕಿ ಸುಣ್ಣ ಕುಡಿಸ್ಯಾಳೇನ್ರಿ ಅಣ್ಣಾರ?"

"ಹೌದ್ರಿ ಅಕ್ಕಾರ. ಅದಕ್ಕ ಬಾಯಿ ಬಿಟ್ಟಿಲ್ಲ ನಾ."

ಎಲ್ಲರೂ ನಕ್ಕು ಮತ್ತೆ ಕೂತರು. ಅವರು ಹೋದ ಮೇಲೆ ಎದುರುಮನೆಯಾಕೆ ನನ್ನ ಮೇಲೆ ಹರಿಹಾಯ್ದಳು. "ದೊಡ್ಡವ್ವಾ, ನಿಮ್ಮನಿ ಪಾತ್ರ್ಯಾಗೂ ಇಷ್ಟ ಸುಣ್ಣ ಐತಿ. ನಿಮಗ ಗೊತ್ತಿತ್ತಲ್ರಿ!"

"ಗೊತ್ತಿಲ್ಲದ ಏನು? ಆಕಿ ಮದ್ದಿನ ಸುದ್ದಿ ಕೇಳಿದ್ಲು, ಹೇಳಿದೆ. ಸುಣ್ಣದ ಸುದ್ದಿ ಕೇಳಲೇ ಇಲ್ಲ."

ರಾಣೇಬೆನ್ನೂರಿನಲ್ಲಿ ಒದ್ದೆಯಾದ ಧೋತರ

ಮದುವೆಯ ಜವಳಿ ತರಲು ಎರಡೂ ಮನೆಯವರು ರಾಣೇಬೆನ್ನೂರಿಗೆ ಹೋದೆವು. ದಸರೆ ಮುಗಿದಿತ್ತು, ಆದರೂ ಬಿಸಿಲು ಚುರುಗುಟ್ಟುತ್ತಿತ್ತು. ಯಜಮಾನರಿಗೆ ಹೊಟ್ಟೆಯುಬ್ಬರ. ಬೆಳಿಗ್ಗೆ ಅಂಗಡಿಯೊಂದರ ಫ್ರಿಜ್ಜಿನಿಂದ ತಣ್ಣನೆಯ ಸೋಡಾ ಬಾಟಲಿ ಕೊಂಡು, ಆಮೇಲೆ ಕುಡಿಯೋಣ ಅಂತ ಕಾರಿನ ಹಿಂದಿನ ಗಾಜಿನ ಕೆಳಗೆ ಇಟ್ಟರು. ಹೆಂಗಸರು ಸೀರೆಗೆ ಕೂತರೆ ಲಗೂ ಏಳುತ್ತಾರೆಯೇ? ಸೋದರತ್ತೆ ಒಂದು ಸೀರೆಯ ಅಂಚನ್ನು ಬಾಗಿಲ ಬೆಳಕಿಗೆ ಹಿಡಿದರೆ, ಎದುರುಮನೆಯಾಕೆ ಇನ್ನೊಂದರ ಸೆರಗನ್ನು ಕಿಡಕಿಯ ಬೆಳಕಿಗೆ ಹಿಡಿಯುವಳು. ಸೋಡಾ ಅಲ್ಲಿ ಬಿಸಿಲಿಗೆ ಕಾಯುತ್ತಲೇ ಇತ್ತು.

ತಂಪಾಗಿದ್ದಾಗ ನೀರು ಆ ಗ್ಯಾಸನ್ನು ಒಳಗೆ ಕೂರಿಸಿಕೊಂಡಿರುತ್ತದೆ. ಬಿಸಿಯೇರಿತೋ, ಇನ್ನು ನಿನ್ನ ಸಹವಾಸ ಸಾಕು ಅಂತ ದೂಡುತ್ತದೆ. ಯಜಮಾನರು ಕಾರಿಗೆ ಹೋಗಿ ಬಾಟಲಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಬಿರಡೆ ತಿರುವಿದರು. ಬುಸ್ಸೆಂದು ಎದ್ದದ್ದು ಮೋರೆಗೆ ಹೊಡೆಯಿತು, ಮೀಸೆಗೆ ಹೊಡೆಯಿತು, ಕಡೆಗೆ ಹೊಸ ಧೋತರದ ಮೇಲೆ, ಬೇಡವಾದ ಜಾಗದಲ್ಲೇ, ಕೆರೆಯಂತೆ ನಿಂತಿತು. ಅದೇ ಹೊತ್ತಿಗೆ ಸೋದರತ್ತೆ ಸೀರೆಯ ಗಂಟು ಹಿಡಿದು ಬಂದಳು.

"ಏನಾತ್ರಿ ಅಣ್ಣಾರ?"

"ಸೋಡಾರಿ ಅಕ್ಕಾರ."

"ಬರೇ ಸೋಡಾನ?"

"ಬರೇ ಸೋಡಾರಿ! ಬೇಕಾದ್ರ ಕುಡದ ನೋಡ್ರಿ."

ಆ ಹೆಣ್ಣುಮಗಳು ಬಿಡುವಾಕೆಯೇ? ಬಾಟಲಿಯಲ್ಲಿ ಉಳಿದದ್ದನ್ನು ಎತ್ತಿ ಕುಡಿದಳು. ಗ್ಯಾಸೂ ಇಲ್ಲ, ಗುಳ್ಳೆಯೂ ಇಲ್ಲ, ಬೆಚ್ಚಗಿನ ನೀರು. "ಇದು ಸೋಡಾನೂ ಅಲ್ಲ! ಬರೇ ನೀರು. ಗ್ಯಾಸ್‌ ಎಲ್ಲೈತಿ?"

ಯಜಮಾನರು ಧೋತರ ಹಿಂಡುತ್ತಾ ಅಂದರು: "ಅದರ ದಾರಿ ಅದು ಹಿಡೀತ್ರಿ. ನನ್ನ ಮರ್ಯಾದಿನೂ ಜೋಡಿಗೆ ಹೋತು."

ನಾನು ಓಣಿಗೆ ಬಂದು ಅವರು ಕುಡಿದಿದ್ದರು ಅಂತ ಹೇಳಲೇ ಇಲ್ಲ. ಧೋತರ ಒದ್ದೆಯಾಗಿತ್ತು, ಮೋರೆ ಕೆಂಪಗಿತ್ತು, ಕೈಯಲ್ಲಿ ಬಾಟಲಿ ಇತ್ತು, ನನಗೆ ನೆಗಡಿಯಾದ್ದರಿಂದ ವಾಸನೆ ತಿಳಿಯಲಿಲ್ಲ. ಇಷ್ಟನ್ನೇ ಹೇಳಿದೆ. ಕೇಳಿದವರು ಮಿಕ್ಕದ್ದನ್ನು ತಾವೇ ಸೇರಿಸಿಕೊಂಡರೆ ನಾನೇನು ಮಾಡಲಿ? ಮಾತು ಬ್ಯಾಡಗಿ ಮುಟ್ಟಿತು. ಬಾಟಲಿಯಲ್ಲಿ ಉಳಿದದ್ದು ನೀರೇ ಆದರೂ ಅದಕ್ಕೂ ಮೊದಲು ಏನು ಕುಡಿದಿದ್ದರೋ ಅಂತ ಸೋದರತ್ತೆಗೂ ಸಂಶಯ ಹತ್ತಿತು. ಅಲ್ಲಿಂದ ಫೋನ್ ಬಂತು: "ಲಗ್ನದ ತಾರೀಖು ಈಗ ಬ್ಯಾಡ. ಗೌರಿ ಹುಣ್ಣಿಮಿ ಆರತಿ ತರ್ರಿ. ಆವತ್ತು ಹೇಳ್ತೇವಿ, ಹೌದೋ ಅಲ್ಲೋ ಅಂತ."

ಎದುರುಮನೆಯಲ್ಲಿ ಅಂದು ಒಲೆ ಹೊತ್ತಲಿಲ್ಲ.

ಸೌಟು

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಗಂಡಿನ ಮನೆಯವರು ಮದುವೆ ಗೊತ್ತಾದ ಹುಡುಗಿಗೆ ಸಕ್ಕರೆ ಆರತಿ ಒಯ್ಯಬೇಕು. ಸೀರೆ, ಹೂವಿನ ದಂಡೆ, ತಟ್ಟೆಯ ತುಂಬ ಸಕ್ಕರೆಯ ಆನೆ, ನವಿಲು, ತೇರು. ಈಗ ಎಲ್ಲರೂ ಪೇಟೆಯಲ್ಲಿ ತರುತ್ತಾರೆ. ಎದುರುಮನೆಯಾಕೆಗೆ ಮಾತ್ರ ಹಟ. "ಈ ಸಲ ಬ್ಯಾಡಗಿಯವರು ಬಾಯಿ ಮುಚ್ಚಬೇಕು ದೊಡ್ಡವ್ವಾ. ಹಾಲಿನಂಗ ಬೆಳ್ಳಗ, ನನ್ನ ಕೈಯ್ಯಾಗ ಮಾಡ್ತೇನಿ" ಎಂದು ಅತ್ತೆಯ ಕಾಲದ ಕಟ್ಟಿಗೆಯ ಅಚ್ಚುಗಳನ್ನು ಅಟ್ಟದಿಂದ ಇಳಿಸಿ ನೀರಲ್ಲಿ ನೆನೆಹಾಕಿದಳು.

ಈ ಕೆಲಸದ ಗುಟ್ಟು ಇಷ್ಟೇ. ಸ್ವಲ್ಪ ನೀರಿಗೆ ರಾಶಿ ಸಕ್ಕರೆ ಹಾಕಿ ಕುದಿಸಬೇಕು. ಕುದಿಯುವಾಗ ಅಷ್ಟೂ ಸಕ್ಕರೆ ನೀರಿನೊಳಗೆ ಮಾಯ. ಹಾಲು ಚಿಮುಕಿಸಿ ಕೊಳೆ ತೆಗೆದು, ಸೋಸಿ, ಮತ್ತೆ ಕುದಿಸಿ, ಇಳಿಸಿ, ಸೌಟಿನಿಂದ ತಿಕ್ಕುತ್ತಾ ಕೂರಬೇಕು. ಆರುತ್ತಾ ಆರುತ್ತಾ ಪಾಕ ಬೆಳ್ಳಗಾಗುತ್ತದೆ. ಬೆಳ್ಳಗಾಯಿತೋ, ಉಸಿರು ತಗೊಳ್ಳದೆ ಅಚ್ಚಿಗೆ ಹೊಯ್ಯಬೇಕು. ತಡಮಾಡಿದರೆ ನುಂಗಿದ ಸಕ್ಕರೆಯನ್ನೆಲ್ಲ ನೀರು ಒಮ್ಮೆಲೇ ಬಿಟ್ಟುಕೊಡುತ್ತದೆ, ಪಾತ್ರೆಯೊಳಗೇ ಕಲ್ಲು.

ಹುಣ್ಣಿಮೆಯ ಹಿಂದಿನ ದಿನ ಆಕೆ ಒಳಗೆ ಪಾಕ ತಿಕ್ಕುತ್ತಿದ್ದಳು. ನಾನು ನನ್ನ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆ. ಬಿಳಿ ಅಂಗಿಯ ಇಬ್ಬರು ಹಿರಿಯರು ಬಂದರು. ನೋಡಿದ ಕೂಡಲೇ ತಿಳಿಯಿತು, ಬ್ಯಾಡಗಿಯವರು ವಿಚಾರಿಸಲು ಕಳಿಸಿದವರು.

"ಅಮ್ಮಾರ, ಈ ಎದುರಮನಿಯವ್ರು ಹೆಂಗ್ರಿ?"

ಬನ್ನಿ, ಕೂರ್ರಿ ಅಂದೆ. ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. "ಖರೇ ಹೇಳಬೇಕಂದ್ರ..." ಎಂದು ಶುರು ಮಾಡಿದೆ. ಯಜಮಾನ ಹೆಂಡತಿಯ ಕೈಗೊಂಬೆ ಅಂದೆ. ಆಕೆಗೆ ಮಜ್ಜಿಗೆ ಮಾಡಲೂ ಬರುವುದಿಲ್ಲ ಅಂದೆ. ಮಗ ಹೆಣ್ಣು ನೋಡಲು ಹೋಗಿ ಗ್ಲಾಸು ನೋಡಿ ಬಂದ ಅಂದೆ. ಧೋತರದ ಸಂಗತಿಯನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೈಮುಗಿದು ಮುಂದಿನ ಮನೆಗಳ ಕಡೆ ಹೋದರು.

ಇಷ್ಟೂ ಹೊತ್ತು ಎದುರುಮನೆಯಾಕೆ ಕಿಡಕಿಯ ಸರಳು ಹಿಡಿದು ನಿಂತು ಒಂದೊಂದು ಅಕ್ಷರವನ್ನೂ ಕೇಳುತ್ತಿದ್ದಳು. ಪಾಕ ಬೆಳ್ಳಗಾಗುವುದಕ್ಕೂ ನನ್ನ ದನಿ ಕೇಳುವುದಕ್ಕೂ ಸರಿಹೋಗಿತ್ತು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಬಂದಿದ್ದಳು. ಮರಳಿ ಹೋಗಿ ಸೌಟು ಎತ್ತಿದರೆ ಪಾತ್ರೆಯೂ ಜೊತೆಗೇ ಎದ್ದಿತು! ಅಲ್ಲಾಡಿಸಿದಳು, ಬರಲಿಲ್ಲ. ಯಜಮಾನರು ಪಾತ್ರೆ ಹಿಡಿದರು, ಮಗ ಸೌಟು ಹಿಡಿದ. ಅಪ್ಪ ಅತ್ತ, ಮಗ ಇತ್ತ, ಹಗ್ಗ ಜಗ್ಗಿದಂತೆ. ನಾನು ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಬಾಗಿಲಿಗೇ ಹೋಗಿ ನಿಂತೆ. ನಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಕಡೆಗೆ ನೀರು ಸುರಿದು ಮತ್ತೆ ಒಲೆಗೆ ಇಟ್ಟರು. ಬಿಸಿಗೆ ಕರಗಿತೇನೋ ಹೌದು, ಆದರೆ ಅವಸರದ ಉರಿಗೆ ತಳ ಸೀದು, ಪಾಕಕ್ಕೆ ಚಹಾದ ಬಣ್ಣ ಬಂತು. ಇನ್ನು ಹೊಸ ಸಕ್ಕರೆ ತಂದು ಮಾಡಲು ಆಕೆಯಲ್ಲಿ ತ್ರಾಣ ಉಳಿದಿರಲಿಲ್ಲ. ಅದನ್ನೇ ಅಚ್ಚಿಗೆ ಹೊಯ್ದಳು. ಕಂದು ಆನೆ, ಕಂದು ನವಿಲು, ತುಕ್ಕು ಹಿಡಿದಂಥ ತೇರು.

ಮರುದಿನ ಬ್ಯಾಡಗಿಗೆ ನನ್ನನ್ನೂ ಕರೆದೊಯ್ದರು. ಕಾರಿನಲ್ಲಿ ಎದುರುಮನೆಯಾಕೆ ತಟ್ಟೆಯ ಮೇಲೆ ಅರಿವೆ ಮುಚ್ಚಿ, ಮಗನ ಮದುವೆಯನ್ನೇ ತೊಡೆಯ ಮೇಲೆ ಇಟ್ಟುಕೊಂಡವಳಂತೆ ಕೂತಿದ್ದಳು. ಬ್ಯಾಡಗಿಯಲ್ಲಿ ಸೋದರತ್ತೆ ಆ ಅರಿವೆ ಸರಿಸಿದಳು. ನೋಡಿದಳು.

"ಇದು ಸಕ್ಕರೀದೋ, ಬೆಲ್ಲದ್ದೋ?"

ಎದುರುಮನೆಯಾಕೆಯ ಕಣ್ಣಲ್ಲಿ ನೀರು ನಿಂತಿತು. ಹುಡುಗಿ ಮುಂದೆ ಬಂದು ನವಿಲಿನ ಬಾಲ ಮುರಿದು ಬಾಯಿಗೆ ಹಾಕಿಕೊಂಡಳು. "ಸಕ್ಕರೀದ ಐತಿ ಅತ್ತಿ. ಪಾಪ, ಬಿಸಲಾಗ ಭಾಳ ತಿರುಗ್ಯಾಡೈತಿ ಅಷ್ಟ" ಅಂದಳು. ಹುಡುಗ ಈ ಸಲ ಖಾತ್ರಿ ಹುಡುಗಿಯನ್ನೇ ನೋಡುತ್ತಿದ್ದ. ನಾನು ನೋಡಿದೆನಲ್ಲ.

ಆಮೇಲೆ ಹುಡುಗಿಯ ಅಪ್ಪ ಎದ್ದು ನಿಂತರು. ನಾನು ಕಿವಿ ನಿಮಿರಿಸಿದೆ. ಆ ಇಬ್ಬರು ಹಿರಿಯರಿಗೆ ನನ್ನ ಬಾಯಿಂದ ಅಷ್ಟೂ ಹೇಳಿ ಕಳಿಸಿದ್ದೇನೆ, ಇನ್ನೇನು ಸಂಬಂಧ ಉಳಿಯುತ್ತದೆ? ಅವರೋ, ನಗುತ್ತಾ ಲಗ್ನದ ತಾರೀಖು ಹೇಳಿದರು! ಸೋದರತ್ತೆ ಎದುರುಮನೆಯಾಕೆಯನ್ನು ತಬ್ಬಿಕೊಂಡಳು. ನಾನು ಕುಡಿಯುತ್ತಿದ್ದ ಚಹಾ ಹಾಗೇ ಕೆಳಗಿಟ್ಟೆ.

ಹಾವೇರಿಗೆ ಬಂದು ಇಳಿದ ಮೇಲೆ ಎದುರುಮನೆಯಾಕೆ ಸೀದಾ ನನ್ನ ಕಟ್ಟೆಗೆ ಬಂದಳು. ಜಗಳಕ್ಕೆ ಬಂದಳು ಅಂತ ನಾನೂ ಸೆರಗು ಸಿಕ್ಕಿಸಿಕೊಂಡು ಸಜ್ಜಾದೆ. ಆಕೆ ಸಕ್ಕರೆ ಆನೆಯ ಸೊಂಡಿಲು ಮುರಿದು ನನ್ನ ಕೈಗಿಟ್ಟು, ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಎಲ್ಲರೂ ಕೇಳುವಂತೆ, ನನ್ನ ಮೋರೆ ನೋಡಿಯೇ ಅಂದಳು:

"ಬಾಯಿ ಸಿಹಿ ಮಾಡ್ಕೊರ್ರಿ ದೊಡ್ಡವ್ವಾ, ಈ ಲಗ್ನ ಕೂಡಿದ್ದು ನಿಮ್ಮಿಂದರಿ. ಆ ಹಿರೇರು ನಿಮ್ಮ ಕಟ್ಟಿಯಿಂದ ಎದ್ದು ಕಿರಾಣಿ ಅಂಗಡಿಗೆ ಹೋಗ್ಯಾರ, ಗಿರಣಿಗೆ ಹೋಗ್ಯಾರ, ಇಸ್ತ್ರಿಯವನ ಹಂತೇಕ ಹೋಗ್ಯಾರ. ಎಲ್ಲಾರೂ ಒಂದ ಮಾತು ಕೇಳ್ಯಾರ ಅವರನ್ನ, 'ಆ ಮುದುಕ್ಯವ್ವ ಏನಂದ್ಲು?' ಅಂತ. 'ಭಾಳ ಕೆಟ್ಟ ಮಂದಿ ಅಂದ್ಲು' ಅಂದಾರ ಹಿರೇರು. 'ಹಂಗಾರ ಕಣ್ಣು ಮುಚ್ಚಿ ಹೆಣ್ಣು ಕೊಡ್ರಿ' ಅಂದಾರಂತ. ನಮ್ಮ ಪುಣ್ಯಾ ದೊಡ್ಡದೈತಿ ದೊಡ್ಡವ್ವಾ. ನೀವೇನರ ಆವತ್ತು ನಮ್ಮ ಬಗ್ಗೆ ಒಂದ ಒಂದು ಚಲೋ ಮಾತು ಆಡಿದ್ದರ, ಲಗ್ನ ಮುರದ ಬಿದ್ದಿರ್ತಿತ್ತು."